ಎರಡು ವರ್ಷದ ಸಂಬಳ, ಇಪ್ಪತ್ತು ವರ್ಷದ ಪ್ರಶ್ನೆ

ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟು ಕಾರಿಗನೂರು ದಾಟಿದರೆ ಬಲಗಡೆಗೆ ಸಂಡೂರಿನ ಬೆಟ್ಟಸಾಲು ಜೊತೆಜೊತೆಗೇ ಬರುತ್ತದೆ. ಪಾಪಿನಾಯಕನಹಳ್ಳಿ ಹತ್ತಿರವಾಗುವಷ್ಟರಲ್ಲಿ ರಸ್ತೆಯಂಚಿನ ಜಾಲಿಗಿಡಕ್ಕೂ ಅಂಗಡಿಯ ತಗಡಿಗೂ ಒಂದೇ ಕೆಂಪು ಬಣ್ಣ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಂದಿಗೆ ಮತ್ತೆ ಬಿಟ್ಟಿತು. ಅಂದು ಒಂದನೇ ಕ್ಲಾಸಿಗೆ ಸೇರಿದ್ದ ಮಗು ಇಂದು ಡಿಗ್ರಿ ಓದುವ ವಯಸ್ಸಿನಲ್ಲಿದೆ. ಲಾರಿಗಳು ಎಡೆಬಿಡದೆ ಓಡುತ್ತಿದ್ದ ವರ್ಷಗಳಲ್ಲಿ, ಅವು ನಿಂತ ವರ್ಷಗಳಲ್ಲಿ, ಮತ್ತೆ ಓಡತೊಡಗಿದ ವರ್ಷಗಳಲ್ಲಿ ಆ ಮಗುವಿನ ಉಸಿರು ಹೇಗಿತ್ತು?

ಈ ಪ್ರಶ್ನೆಗೆ ಒಂದು ಬೇಸಿಗೆಯ ಸಮೀಕ್ಷೆಯಿಂದ ಉತ್ತರ ಸಿಗುವುದಿಲ್ಲ. ಅದೇ ಮಕ್ಕಳನ್ನು ಆರು ವರ್ಷದಿಂದ ಹದಿನಾರರವರೆಗೆ ಪ್ರತಿ ವರ್ಷ ಕರೆದು ಕೂರಿಸಿ, ಸ್ಪೈರೋಮೀಟರಿಗೆ ಊದಿಸಿ, ಎತ್ತರ ತೂಕ ಬರೆದುಕೊಂಡು, ಮನೆಯಲ್ಲಿ ಸೌದೆ ಒಲೆಯೋ ಗ್ಯಾಸೋ ಕೇಳಿ, ಧೂಳಿಲ್ಲದ ಮತ್ತೊಂದು ಊರಿನ ಮಕ್ಕಳ ಜೊತೆ ತಾಳೆ ನೋಡಬೇಕು. ಗುಳೆ ಹೋದ ಮನೆಯವರು ತಿರುಗಿ ಬಂದಾಗ ಮತ್ತೆ ಹುಡುಕಬೇಕು. ಯಾವ ತಾಯಿಯೂ ಎರಡನೇ ವರ್ಷ ಹೊಸ ಮುಖ ಕಂಡರೆ ಮಗುವನ್ನು ಮುಂದೆ ಬಿಡುವುದಿಲ್ಲ. ಹಾಗಾಗಿ ಪ್ರತಿ ವರ್ಷ ಬರುವ ಸಂಶೋಧಕರು ಅದೇ ಜನ ಆಗಿರಬೇಕು.

ಕೆರೆಗಳದ್ದೂ ಇದೇ ಕತೆ. ಈ ಭಾಗದ ಕೆರೆಗಳಿಗೆ ನೀರು ತುಂಬಿಸುವ ಏತ ನೀರಾವರಿ ಯೋಜನೆಗೆ ಪಾಪಿನಾಯಕನಹಳ್ಳಿಯದೇ ಹೆಸರು. ಒಣಗಿದ್ದ ಕೆರೆಗೆ ಹೊಳೆಯ ನೀರು ಬಂದ ಮೇಲೆ ಸುತ್ತಲ ಬೋರ್‌ವೆಲ್‌ಗಳಲ್ಲಿ ಮಟ್ಟ ಎಷ್ಟು ಏರಿತು, ಫ್ಲೋರೈಡ್ ಇಳಿಯಿತೇ, ಕೆರೆಯ ಹಿಂಭಾಗದ ಹೊಲಗಳು ಮೆಕ್ಕೆಜೋಳ ಬಿಟ್ಟು ಭತ್ತ ಹಿಡಿದವೇ, ಹತ್ತು ವರ್ಷದಲ್ಲಿ ಅಲ್ಲಿ ಸವಳು ಕಾಣಿಸಿತೇ? ಕೆಳಗಡೆ ತುಂಗಭದ್ರಾ ಜಲಾಶಯವಿದೆ. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದದ್ದು ಹೂಳು ತುಂಬಿ 105 ಟಿಎಂಸಿ ಅಡಿ ಆಸುಪಾಸಿಗೆ ಇಳಿದಿದೆ. ಎಪ್ಪತ್ತು ವರ್ಷಗಳಲ್ಲಿ ಮೆಲ್ಲಗೆ ಆದ ನಷ್ಟ ಇದು. ಇಂಥದ್ದು ಕಣ್ಣಿಗೆ ಬೀಳಬೇಕಾದರೆ ವರ್ಷಾನುಗಟ್ಟಲೆ ಒಂದೇ ಕಡೆ ಕಣ್ಣಿಟ್ಟು ಕೂತವರು ಬೇಕು.

ಹಾಗೆ ಕೂರುವವರು ಯಾರು? ಪಾಠ, ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ತಯಾರಿಯಲ್ಲಿ ಮುಳುಗಿದ ಪ್ರಾಧ್ಯಾಪಕರಿಗೆ ಬಿಡುವಿಲ್ಲ. ಎಂ.ಎಸ್ಸಿ. ವಿದ್ಯಾರ್ಥಿಗೆ ಅನುಭವವಿಲ್ಲ. ಪಿಎಚ್‌.ಡಿ. ಮುಗಿಸಿ, ಗೈಡ್‌ನ ನೆರಳಿನಿಂದ ಹೊರಬಂದು, ತನ್ನದೇ ಪ್ರಶ್ನೆ ಹಿಡಿದು ಹೊರಟ ಮೂವತ್ತರ ಆಚೀಚಿನ ಸಂಶೋಧಕರು ಈ ಕೆಲಸಕ್ಕೆ ತಕ್ಕವರು. ಅವರನ್ನೇ ಪೋಸ್ಟ್‌ಡಾಕ್ ಎನ್ನುವುದು. ಜಗತ್ತಿನ ಪ್ರಯೋಗಾಲಯಗಳಲ್ಲಿ ನಿಜವಾದ ಕೈಕೆಲಸದ ದೊಡ್ಡ ಪಾಲು ನಡೆಯುವುದು ಇವರಿಂದ. ಅವರಿಗೆ ಸಿಗುವ ಕಾಲಾವಕಾಶ ಮಾತ್ರ ಸಾಮಾನ್ಯವಾಗಿ ಎರಡು ವರ್ಷ.

ಆ ಎರಡು ವರ್ಷ ಹೇಗೆ ಕರಗುತ್ತದೆ ಎಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಮಂಜೂರಾತಿ ಪತ್ರಕ್ಕೆ ಕಾಯಬೇಕು. ಪತ್ರ ಬಂದ ಮೇಲೆ ಆತಿಥೇಯ ಸಂಸ್ಥೆಯಲ್ಲಿ ಹಾಜರಾತಿ ವರದಿ, ಬ್ಯಾಂಕ್ ಖಾತೆ, ಮೊದಲ ಕಂತು. ಒಂದು ಉಪಕರಣ ಕೊಳ್ಳಬೇಕೆಂದರೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಖರೀದಿ ಸಮಿತಿ, ಸಹಿ. ಮಕ್ಕಳ ಮೇಲಿನ ಅಧ್ಯಯನವಾದರೆ ಎಥಿಕ್ಸ್ ಕಮಿಟಿ. ಅಷ್ಟರಲ್ಲಿ ಒಂದು ಮಳೆಗಾಲ ಕೈತಪ್ಪಿರುತ್ತದೆ. ಉಳಿದ ಒಂದು ಮಳೆಗಾಲದಲ್ಲಿ ಮಾದರಿ ಸಂಗ್ರಹಿಸಿ ಮುಗಿಸುವ ಮೊದಲೇ ಮಾರ್ಚ್ ಬರುತ್ತದೆ. ಬಳಕೆ ಪ್ರಮಾಣಪತ್ರ, ಖರ್ಚಿನ ವಿವರ, ಲೆಕ್ಕಪರಿಶೋಧಕರ ಮೊಹರು. ಅವು ಹೋಗುವವರೆಗೆ ಎರಡನೇ ಕಂತು ಇಲ್ಲ. ಫೆಲೋಶಿಪ್ ತಿಂಗಳು ತಿಂಗಳು ಬರುತ್ತದೆಂದು ನಂಬಿ ಬಾಡಿಗೆ ಮನೆ ಹಿಡಿದವರು ನಾಲ್ಕು ತಿಂಗಳ ಬಾಕಿ ಒಟ್ಟಿಗೆ ಬಂದಾಗ ಸಾಲ ತೀರಿಸುತ್ತಾರೆ. ಎರಡನೇ ವರ್ಷದ ದೀಪಾವಳಿ ಹೊತ್ತಿಗೆ ಮುಂದಿನ ಅರ್ಜಿಗಳ ಕಾಲ. ಕೈಯಲ್ಲಿರುವ ಪ್ರಶ್ನೆ ಬದಿಗೆ ಸರಿದು ಮುಂದಿನ ಸಂಬಳದ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ. ಊರಿಗೆ ಹೋದರೆ, "ಪಿಎಚ್‌ಡಿ ಮುಗದು ಎಷ್ಟ್ ವರ್ಸ ಆತು, ಇನ್ನೂ ನೌಕರಿ ಆಗಿಲ್ಲೇನು?" ಎಂಬ ಮಾತು ತಪ್ಪಿದ್ದಲ್ಲ.

ಮೂವತ್ತೈದಕ್ಕೆ ಬಂದ ಮನುಷ್ಯನಿಗೆ ಮುಂದಿನ ಜೂನ್‌ನಲ್ಲಿ ತಾನು ಯಾವ ಊರಲ್ಲಿರುತ್ತೇನೆ ಎಂಬುದೇ ತಿಳಿಯದಿದ್ದರೆ ಅವನು ಹತ್ತು ವರ್ಷದ ಅಧ್ಯಯನಕ್ಕೆ ಕೈ ಹಾಕುವುದಾದರೂ ಹೇಗೆ? ಎರಡು ವರ್ಷದಲ್ಲಿ ಪ್ರಬಂಧವಾಗುವಂಥ ವಿಷಯವನ್ನೇ ಆರಿಸುತ್ತಾನೆ. ಸ್ಥಿರತೆ ಇಲ್ಲದ್ದರಿಂದ ಸಂಶೋಧಕನ ಬದುಕಷ್ಟೇ ಕೆಡುವುದಿಲ್ಲ, ಪ್ರಶ್ನೆಯ ಆಯ್ಕೆಯೇ ಕೆಡುತ್ತದೆ. ಪಾಪಿನಾಯಕನಹಳ್ಳಿಯಂಥ ಊರಿಗೆ ಬೇಕಾದ ಪ್ರಶ್ನೆಗಳೆಲ್ಲ ನಿಧಾನದ ಪ್ರಶ್ನೆಗಳು. ಅವು ಮೊದಲ ಸುತ್ತಿನಲ್ಲೇ ಬಿದ್ದುಹೋಗುತ್ತವೆ.

ಈ ಸಂಕಟ ಸರ್ಕಾರಕ್ಕೆ ಹೊಸದಲ್ಲ. ವಿದೇಶದಲ್ಲಿ ಓದಿ ಬಂದವರು ಕೆಲಸವಿಲ್ಲದೆ ಅಲೆಯಬಾರದೆಂದು ಸಿಎಸ್‌ಐಆರ್ 1958ರಲ್ಲೇ ‘ವಿಜ್ಞಾನಿಗಳ ಪೂಲ್’ ಎಂಬ ಯೋಜನೆ ತಂದಿತ್ತು. ಕಾಯಂ ಹುದ್ದೆ ಸಿಗುವವರೆಗೆ ತಾತ್ಕಾಲಿಕ ನೆಲೆ ಕೊಡುವುದು ಅದರ ಉದ್ದೇಶ. ಅಲ್ಲಿಂದ ಈಚೆಗೆ ಬಂದ ಯೋಜನೆಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯವು. ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎರಡು ವರ್ಷದ್ದು, ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗದವರಿಗೆ ಐದು ವರ್ಷ ಸಡಿಲ. ಯುಜಿಸಿ 2022ರಲ್ಲಿ ಪ್ರಕಟಿಸಿದ ಡಾ. ರಾಧಾಕೃಷ್ಣನ್ ಫೆಲೋಶಿಪ್ ಇಡೀ ದೇಶಕ್ಕೆ 900, ತಿಂಗಳಿಗೆ 50 ಸಾವಿರ ರೂಪಾಯಿ. ಭಾಷೆ, ಸಮಾಜ ವಿಜ್ಞಾನದವರಿಗೂ ಅದರಲ್ಲಿ ಜಾಗವಿದೆ, ಅದು ದೊಡ್ಡ ಮಾತು. ಪ್ರಾಜೆಕ್ಟುಗಳಲ್ಲಿ ದುಡಿಯುವ ರಿಸರ್ಚ್ ಅಸೋಸಿಯೇಟ್‌ಗಳ ಸಂಬಳ 2023ರ ಜನವರಿಯಿಂದ 58 ಸಾವಿರದಿಂದ 67 ಸಾವಿರದವರೆಗೆ ಏರಿತು. ಸಂಬಳ ಸಾಲದು ಎಂಬ ದೂರು ಇದರಿಂದ ಸ್ವಲ್ಪ ತಗ್ಗಿದೆ. ಅವಧಿಯ ದೂರು ಹಾಗೇ ಇದೆ.

ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುವುದು ಇನ್‌ಸ್ಪೈರ್ ಫ್ಯಾಕಲ್ಟಿ. ಐದು ವರ್ಷ, ತಿಂಗಳಿಗೆ 1.25 ಲಕ್ಷ ರೂಪಾಯಿ, ಅದರ ಜೊತೆ ವರ್ಷಕ್ಕೆ ಏಳು ಲಕ್ಷದ ಸಂಶೋಧನಾ ಅನುದಾನ. ಐದು ವರ್ಷವೆಂದರೆ ಮನೆ ಮಾಡಬಹುದು, ಮಗುವನ್ನು ಶಾಲೆಗೆ ಸೇರಿಸಬಹುದು, ಮೂರ್ನಾಲ್ಕು ಮಳೆಗಾಲ ನೋಡಬಹುದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲಯನ್ಸ್ ಕೂಡ ಆರೋಗ್ಯ, ಜೀವವಿಜ್ಞಾನದ ಯುವ ಸಂಶೋಧಕರಿಗೆ ಐದೈದು ವರ್ಷದ ಫೆಲೋಶಿಪ್ ಕೊಡುತ್ತ ಬಂದಿದೆ. ಬೆಂಗಳೂರಿನ ಎಷ್ಟೋ ಒಳ್ಳೆಯ ಪ್ರಯೋಗಾಲಯಗಳು ಇಂಥ ದುಡ್ಡಿನಿಂದ ಬೆಳೆದವು.

ಆದರೆ ಇನ್‌ಸ್ಪೈರ್‌ನ ವಯೋಮಿತಿ ನೋಡಿ. ಸಾಮಾನ್ಯ ವರ್ಗಕ್ಕೆ 32, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 35. ಮನೆಯಲ್ಲಿ ಮೊದಲ ಬಾರಿಗೆ ಓದಿದವರು, ಡಿಗ್ರಿ ಆದ ಮೇಲೆ ಎರಡು ವರ್ಷ ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ತಂಗಿಯ ಮದುವೆ ಮುಗಿಸಿ ಎಂ.ಎಸ್ಸಿ. ಸೇರಿದವರು, ಫೆಲೋಶಿಪ್ ಬರದೆ ಪಿಎಚ್‌.ಡಿ. ಎಂಟು ವರ್ಷಕ್ಕೆ ಎಳೆದುಕೊಂಡವರು ವೈವಾ ಮುಗಿಸುವ ಹೊತ್ತಿಗೆ ಆ ಗೆರೆ ದಾಟಿರುತ್ತಾರೆ. ನಗರದ ಒಳ್ಳೆಯ ಸಂಸ್ಥೆಯಲ್ಲಿ ಇಪ್ಪತ್ತೇಳಕ್ಕೆ ಡಾಕ್ಟರೇಟ್ ಪಡೆದವರನ್ನು ಅಳೆಯುವ ಕೋಲಿನಿಂದಲೇ ಇವರನ್ನೂ ಅಳೆಯುವುದು ಅನ್ಯಾಯ. ಹುಟ್ಟಿದ ವರ್ಷದ ಬದಲು ಪಿಎಚ್‌.ಡಿ. ಆದ ವರ್ಷದಿಂದ ಲೆಕ್ಕ ಹಿಡಿದರೆ ಈ ತೊಡಕು ಒಂದೇ ಆದೇಶದಲ್ಲಿ ಬಿಡಿಸಿಕೊಳ್ಳುತ್ತದೆ. ರಾಮಾನುಜನ್ ಫೆಲೋಶಿಪ್ ಇನ್ನೂ ಉದಾರ. ಐದು ವರ್ಷ, ತಿಂಗಳಿಗೆ 1.35 ಲಕ್ಷ. ಅದು ವಿದೇಶದಲ್ಲಿ ಸಂಶೋಧನೆ ಮಾಡುತ್ತಿರುವ ಭಾರತೀಯರನ್ನು ವಾಪಸು ಕರೆತರಲು. ಹೋದವರನ್ನು ಕರೆತರುವುದು ಸರಿಯೇ. ಹೋಗದೆ ಇಲ್ಲೇ ಉಳಿದು, ಇಲ್ಲಿನ ಕೆರೆ, ಮಣ್ಣು, ಮಾತನ್ನು ಬಲ್ಲವರಿಗೂ ಅಷ್ಟೇ ಘನತೆಯ ಒಂದು ಬಾಗಿಲು ಬೇಡವೇ?

ಐದು ವರ್ಷ ಮುಗಿದ ಮೇಲಿನ ಕತೆ ಇನ್ನೂ ಕಷ್ಟದ್ದು. ಇನ್‌ಸ್ಪೈರ್ ಪತ್ರದಲ್ಲಿ ಫ್ಯಾಕಲ್ಟಿ ಎಂದಿರುತ್ತದೆ, ಆತಿಥೇಯ ಸಂಸ್ಥೆಯಲ್ಲಿ ಹುದ್ದೆ ಇರುವುದಿಲ್ಲ. ಸಂಸ್ಥೆ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊಳೆಯಾಚೆಯ ಆನೆಗೊಂದಿ ಕಡೆಗೆ ಹೊರಟವರನ್ನು ನಡುಹೊಳೆಯವರೆಗೆ ಹರಿಗೋಲಿನಲ್ಲಿ ಕರೆತಂದು ‘ಇಳಿಯಿರಿ’ ಎಂದಂತಿದೆ ಈ ಏರ್ಪಾಟು. ಯುಜಿಸಿಯ ಫ್ಯಾಕಲ್ಟಿ ರೀಚಾರ್ಜ್ ಕಾರ್ಯಕ್ರಮ ಈ ತೊಡಕು ಬಿಡಿಸಲೆಂದೇ ಬಂದಿತ್ತು. ರಾಷ್ಟ್ರಮಟ್ಟದಲ್ಲಿ ಆಯ್ಕೆ, ಸಂಬಳ ಯುಜಿಸಿಯದು, ಕೆಲಸ ವಿಶ್ವವಿದ್ಯಾಲಯದಲ್ಲಿ. ಕಲ್ಪನೆ ಚೆನ್ನಾಗಿತ್ತು. ಆದರೆ ಆಯ್ಕೆಯಾದವರು ಕೊನೆಗೆ ಯಾರ ನೌಕರರು ಎಂಬುದನ್ನು ಮೊದಲೇ ಗಟ್ಟಿ ಮಾಡಿರಲಿಲ್ಲ. ಅಲ್ಲೇ ಅದು ಸೊರಗಿತು.

ದೀರ್ಘಾವಧಿಯ ಸಂಬಳ ಏನು ಮಾಡಬಲ್ಲದು ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿ ಇದೆ. ಸಂಡೂರಿನ ಬೆಟ್ಟಗಳ ಕಲ್ಲು ಸುಮಾರು 270 ಕೋಟಿ ವರ್ಷ ಹಳೆಯದು. ಈ ಜಿಲ್ಲೆಯ ಕಲ್ಲು, ಅದಿರು, ಬೂದಿದಿಬ್ಬ, ಶಿಲಾಯುಗದ ನೆಲೆಗಳನ್ನು ಮೊದಲು ಕ್ರಮವಾಗಿ ನಡೆದು ನೋಡಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದ ಫೂಟ್ ಮೂರು ದಶಕಕ್ಕೂ ಮೀರಿ ಅದೇ ಕೆಲಸದಲ್ಲಿದ್ದರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ದೊಡ್ಡ ಗ್ರಂಥ ಬಂದದ್ದು 1895ರಲ್ಲಿ. ಈಗಲೂ ಸಂಡೂರಿನ ಮೇಲೆ ಬರೆಯುವವರು ಅದನ್ನು ತೆರೆಯದೆ ಮುಂದೆ ಹೋಗಲಾರರು. ಅವರ ಜಾಣ್ಮೆಯಷ್ಟೇ ಅವರ ಸೇವಾಭದ್ರತೆಯೂ ಆ ಪುಸ್ತಕಕ್ಕೆ ಕಾರಣವೆಂದು ನಾನು ತಿಳಿದಿದ್ದೇನೆ. ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಬೆಟ್ಟ ಸುತ್ತುವ ಮನುಷ್ಯನಿಗೆ ಮುಂದಿನ ವರ್ಷದ ಸಂಬಳದ ಚಿಂತೆ ಇರಲಿಲ್ಲ.

ಹಂಪಿಯ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ವಿದ್ವಾಂಸರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ 1980ರಿಂದ ಆರಂಭಿಸಿ ವರ್ಷ ವರ್ಷ ಹಂಪಿಗೆ ಬಂದು ಅಲ್ಲಿನ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿದರು. ಅವರ ಬೆನ್ನಿಗೆ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ಇಬ್ಬರು ಪುರಾತತ್ವಜ್ಞರು, ವೃತ್ತಿಯ ಆರಂಭದಲ್ಲೇ, 1987ರಲ್ಲಿ ವಿಜಯನಗರ ಮಹಾನಗರ ಸರ್ವೇಕ್ಷಣೆ ಶುರು ಮಾಡಿದರು. ಅರಮನೆ ಗುಡಿಗಳಾಚೆ ಹೊಲ, ಕೆರೆಯ ಏರಿ, ಕಾಲುವೆ, ಕಾವಲುಗೋಡೆ, ಒಡೆದ ಮಡಕೆ ಚೂರು, ರಸ್ತೆ ಬದಿಯ ಸಣ್ಣ ಹನುಮಂತನ ಕಲ್ಲು ಎಲ್ಲವನ್ನೂ ಹತ್ತು ವರ್ಷ ಕಾಲ್ನಡಿಗೆಯಲ್ಲಿ ದಾಖಲಿಸಿದರು. ಮೊದಲ ಸಂಪುಟ ಹೊರಬಂದದ್ದು 2007ರಲ್ಲಿ. ದರೋಜಿ ಕಣಿವೆಯ ಕೆರೆಗಳ ಸರಣಿಯ ಮೇಲೆ ಮಾರಿಸನ್ ಅವರ ಪುಸ್ತಕ 2009ರದು. ಶುರುವಿನಿಂದ ಪುಸ್ತಕದವರೆಗೆ ಇಪ್ಪತ್ತು ವರ್ಷ. ಮಧ್ಯೆ ಇಬ್ಬರೂ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನೆಲೆ ಕಂಡುಕೊಂಡರು. ನೆಲೆ ಇದ್ದದ್ದರಿಂದ ಕೆಲಸ ಕೊನೆಮುಟ್ಟಿತು. ಅವರೊಂದಿಗೆ ಹೊಲ ಸುತ್ತಿದ, ಹಾದಿ ತೋರಿಸಿದ, ಕೆರೆಗಳ ಹೆಸರು ಹೇಳಿದ ಸ್ಥಳೀಯ ಹುಡುಗ ಹುಡುಗಿಯರಲ್ಲಿ ಇನ್ನೊಬ್ಬ ಮಾರಿಸನ್ ಆಗುವ ಶಕ್ತಿಯುಳ್ಳವರು ಇರಲಿಲ್ಲವೆಂದು ನಾನು ನಂಬಲಾರೆ. ಅವರಿಗೆ ಇಪ್ಪತ್ತು ವರ್ಷ ಯಾರೂ ಕೊಡಲಿಲ್ಲ.

ಕನ್ನಡದಲ್ಲೂ ಉದಾಹರಣೆಗಳು ಬೇಕಾದಷ್ಟಿವೆ. ಹಂಪಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿ, ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಯಾದಾಗ ಅದಕ್ಕಿದ್ದ ಗುರಿ ಸಂಶೋಧನೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಊರೂರು ತಿರುಗಿ, ದರ್ಗಾ ಮಠಗಳ ಜಗಲಿಯಲ್ಲಿ ಕೂತು ಮಾತಾಡಿಸಿ, ಕರ್ನಾಟಕದ ಸೂಫಿಗಳು, ನಾಥರು, ಶಾಕ್ತರು, ಮೊಹರಂ ಬಗ್ಗೆ ಒಂದರ ಮೇಲೊಂದು ಪುಸ್ತಕ ಬರೆದರು. ಒಂದೊಂದು ಪುಸ್ತಕದ ಹಿಂದೆಯೂ ವರ್ಷಗಳ ತಿರುಗಾಟ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕೊನೆಯ ಸಂಪುಟ ಮುದ್ರಣವಾದದ್ದು 1995ರಲ್ಲಿ, ಕೆಲಸ ಶುರುವಾಗಿ ಅರ್ಧ ಶತಮಾನದ ಮೇಲೆ. ಹತ್ತಿರದ ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವುಳು ಭೂಮಿಯ ಬಗ್ಗೆ ಅಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಕಂಪ್ಲಿ, ಸಿರುಗುಪ್ಪದ ಭತ್ತದ ರೈತರಿಗೆ ಅದರ ಬೆಲೆ ಗೊತ್ತು. ಅದು ಅಖಿಲ ಭಾರತ ಸಮನ್ವಯ ಯೋಜನೆಯ ಕೇಂದ್ರವಾದ್ದರಿಂದ, ಒಬ್ಬ ವಿಜ್ಞಾನಿ ನಿವೃತ್ತರಾದರೂ ಆ ಪ್ರಯೋಗ ನಿಲ್ಲುವುದಿಲ್ಲ.

ಈಗ ನಮ್ಮ ಎರಡು ವಿಶ್ವವಿದ್ಯಾಲಯಗಳ ಸ್ಥಿತಿ ನೋಡಬೇಕು. ಕಮಲಾಪುರದ ಬಳಿ ಕನ್ನಡ ವಿಶ್ವವಿದ್ಯಾಲಯ. ಬಳ್ಳಾರಿಯಲ್ಲಿ 2010ರಲ್ಲಿ ಆರಂಭವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಅದರ ಸ್ನಾತಕೋತ್ತರ ಕೇಂದ್ರ ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ. ಗಣಿಯ ಮಗ್ಗುಲಲ್ಲೇ ಒಂದು ಸ್ನಾತಕೋತ್ತರ ಕೇಂದ್ರ, ವಿಶ್ವ ಪರಂಪರೆಯ ತಾಣದ ಮಗ್ಗುಲಲ್ಲೇ ಒಂದು ಸಂಶೋಧನಾ ವಿಶ್ವವಿದ್ಯಾಲಯ. ಇಂಥ ಜೋಡಿ ದೇಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೆ 2020ರಿಂದೀಚೆಗೆ ಕನ್ನಡ ವಿಶ್ವವಿದ್ಯಾಲಯ ಸುದ್ದಿಯಾದದ್ದು ಹೆಚ್ಚಾಗಿ ಅನುದಾನದ ಕೊರತೆಗೆ, ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಬಾಕಿಗೆ, ಅದನ್ನು ಉಳಿಸಿ ಎಂಬ ಅಭಿಯಾನಕ್ಕೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳ ದೊಡ್ಡ ಪಾಲು ಖಾಲಿ ಇದೆ. ನಿವೃತ್ತಿಯಾದವರ ಕುರ್ಚಿಯಲ್ಲಿ ಅತಿಥಿ ಉಪನ್ಯಾಸಕರು.

ಅತಿಥಿ ಉಪನ್ಯಾಸಕರ ಬಗ್ಗೆ ಎರಡು ಮಾತು ಹೇಳಲೇಬೇಕು. ಪೋಸ್ಟ್‌ಡಾಕ್ ಆಗಬೇಕಿದ್ದ ನಮ್ಮ ಹುಡುಗ ಹುಡುಗಿಯರು ನಿಜವಾಗಿ ತಲುಪುವುದು ಅಲ್ಲಿಗೇ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅವರ ಸಂಖ್ಯೆ ಹತ್ತು ಸಾವಿರ ಮೀರುತ್ತದೆ. 2023ರ ಕೊನೆಗೆ ಅವರು ವಾರಗಟ್ಟಲೆ ತರಗತಿ ಬಹಿಷ್ಕರಿಸಿ ಸೇವೆ ಕಾಯಂ ಮಾಡಿ ಎಂದು ಕೂತದ್ದು ಎಲ್ಲರಿಗೂ ನೆನಪಿದೆ. ನೆಟ್, ಕೆ-ಸೆಟ್, ಪಿಎಚ್‌.ಡಿ. ಎಲ್ಲ ಇದ್ದು, ವಾರಕ್ಕೆ ಹದಿನೈದು ಗಂಟೆ ಪಾಠ ಮಾಡಿ, ರಜೆಯ ತಿಂಗಳಿಗೆ ಸಂಬಳವಿಲ್ಲದೆ, ಪ್ರತಿ ವರ್ಷ ಕೌನ್ಸೆಲಿಂಗ್‌ನಲ್ಲಿ ಮತ್ತೆ ಕಾಲೇಜು ಆರಿಸಿಕೊಳ್ಳುವ ಬದುಕು ಅದು. ಹೊಸಪೇಟೆಯಲ್ಲಿ ಬೆಳಗಿನ ತರಗತಿ ಮುಗಿಸಿ ಕಂಪ್ಲಿಯಲ್ಲಿ ಮಧ್ಯಾಹ್ನ ಖಾಸಗಿ ಕಾಲೇಜಿನ ಪಾಠಕ್ಕೆ ಬಸ್ಸು ಹಿಡಿಯುವವರು ತಮ್ಮ ಪಿಎಚ್‌.ಡಿ. ಪ್ರಬಂಧವನ್ನು ಮತ್ತೆ ತೆರೆಯುವುದು ಯಾವಾಗ? ಆ ಪ್ರಬಂಧದಲ್ಲಿ ಸಂಡೂರಿನ ಕಾಡುಸಸ್ಯಗಳ ಪಟ್ಟಿ ಇರಬಹುದು, ದೇವದಾಸಿ ಕುಟುಂಬಗಳ ಸಾಲದ ಲೆಕ್ಕ ಇರಬಹುದು, ಗಣಿ ಕಾರ್ಮಿಕರ ಮಾತಿನ ಪದಕೋಶ ಇರಬಹುದು. ಅದು ಗ್ರಂಥಾಲಯದ ಕಪಾಟಿನಲ್ಲಿ ನಿಂತುಬಿಡುತ್ತದೆ.

ಹೆಣ್ಣುಮಕ್ಕಳಿಗೆ ಇದರ ಪೆಟ್ಟು ಇಮ್ಮಡಿ. ಎರಡು ವರ್ಷಕ್ಕೊಮ್ಮೆ ಊರು ಬದಲಿಸು ಎನ್ನುವ ವೃತ್ತಿ, ಮದುವೆ ಮತ್ತು ಹೆರಿಗೆಯ ವರ್ಷಗಳ ಮೇಲೆಯೇ ಬಂದು ಕೂರುತ್ತದೆ. ಕೇಂದ್ರದ ವಿಜ್ಞಾನ ಇಲಾಖೆ 2002ರಿಂದ ಮಹಿಳಾ ವಿಜ್ಞಾನಿಗಳ ಯೋಜನೆ ನಡೆಸಿಕೊಂಡು ಬಂದಿದೆ, ವೃತ್ತಿಯಲ್ಲಿ ಬಿಡುವು ಬಿದ್ದವರನ್ನು ವಾಪಸು ತರಲು. ಅದರಿಂದ ತಿರುಗಿ ಬಂದವರಿದ್ದಾರೆ. ಅವಧಿ ಮುಗಿದ ಮೇಲೆ ಏನೆಂಬ ಪ್ರಶ್ನೆ ಅಲ್ಲೂ ಬಾಯಿ ತೆರೆದೇ ಇದೆ.

ಬೇರೆ ದೇಶಗಳು ಇದನ್ನು ಹೇಗೆ ಬಿಡಿಸಿದವು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಜಾಣ ಏರ್ಪಾಟು ಮಾಡಿತು. ಒಂದೇ ಅರ್ಜಿ, ಎರಡು ಹಂತ. ಮೊದಲ ಎರಡು ವರ್ಷದವರೆಗೆ ಹಿರಿಯರ ಪ್ರಯೋಗಾಲಯದಲ್ಲಿ, ಮುಂದಿನ ಮೂರು ವರ್ಷ ಸ್ವಂತ ಪ್ರಯೋಗಾಲಯದಲ್ಲಿ. ಎರಡನೇ ಹಂತದ ದುಡ್ಡು ಕೈಗೆ ಬರಬೇಕಾದರೆ ಒಂದು ವಿಶ್ವವಿದ್ಯಾಲಯ ಅಧ್ಯಾಪಕ ಹುದ್ದೆ ಕೊಟ್ಟಿರಬೇಕು. ದುಡ್ಡು ಜೊತೆಗೆ ತರುವ ಅಭ್ಯರ್ಥಿ ಎಂದರೆ ವಿಶ್ವವಿದ್ಯಾಲಯಗಳೂ ಮುಂದೆ ಬರುತ್ತವೆ. ಲಂಡನ್ನಿನ ರಾಯಲ್ ಸೊಸೈಟಿ 1983ರಿಂದ ಎಂಟು ವರ್ಷದವರೆಗೆ ಹೋಗಬಲ್ಲ ಫೆಲೋಶಿಪ್ ಕೊಡುತ್ತಿದೆ. ಸ್ಪೇನ್ 2001ರಲ್ಲಿ ತನ್ನ ನೊಬೆಲ್ ವಿಜ್ಞಾನಿ ರಮೋನ್ ಇ ಕಹಾಲ್ ಹೆಸರಿನಲ್ಲಿ ಐದು ವರ್ಷದ ಒಪ್ಪಂದಗಳನ್ನು ಆರಂಭಿಸಿತು. ಐದು ವರ್ಷದ ಕೊನೆಗೆ ಬೀದಿಗೆ ಬೀಳುವಂತಾಗಬಾರದೆಂದು, ಅವರನ್ನು ಕಾಯಂ ಮಾಡಿಕೊಳ್ಳುವ ಸಂಸ್ಥೆಗಳಿಗೆ ಪ್ರೋತ್ಸಾಹಧನ ಕೊಡುವ ಇನ್ನೊಂದು ಯೋಜನೆಯನ್ನು ಆಮೇಲೆ ಜೋಡಿಸಿತು.

ಜರ್ಮನಿಯದು ಹೆಚ್ಚು ಕಲಿಯಬೇಕಾದ ಪ್ರಸಂಗ. ಅಲ್ಲಿ ವಿಶ್ವವಿದ್ಯಾಲಯಗಳಲ್ಲಿ ತಾತ್ಕಾಲಿಕವಾಗಿ ದುಡಿಯುವುದಕ್ಕೆ ಕಾನೂನೇ ಮಿತಿ ಹಾಕಿದೆ. ಪಿಎಚ್‌.ಡಿ.ಗೆ ಮೊದಲು ಆರು, ಆಮೇಲೆ ಆರು, ಒಟ್ಟು ಹನ್ನೆರಡು ವರ್ಷ. ತಾತ್ಕಾಲಿಕತೆಯನ್ನು ತಡೆಯಲು ಬಂದ ನಿಯಮ, ಕಾಯಂ ಹುದ್ದೆಗಳು ಹೆಚ್ಚದೇ ಇದ್ದದ್ದರಿಂದ, ನಲವತ್ತರ ಆಸುಪಾಸಿನವರನ್ನು ಹೊರದಬ್ಬುವ ನಿಯಮವಾಯಿತು. ಜನ ಬದಲಾಗುತ್ತಿದ್ದರೇ ವ್ಯವಸ್ಥೆ ಚಲನೆಯಲ್ಲಿರುತ್ತದೆ ಎಂದು ಅಲ್ಲಿನ ಸಚಿವಾಲಯ ಹಾನಾ ಎಂಬ ಕಲ್ಪಿತ ಸಂಶೋಧಕಿಯ ಕಾರ್ಟೂನ್ ವಿಡಿಯೊ ಮಾಡಿ ತೋರಿಸಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು ‘ನಾನೇ ಹಾನಾ’ ಎಂದು ತಮ್ಮ ತಮ್ಮ ಒಪ್ಪಂದಗಳ ಕತೆ ಬರೆದು ಎದ್ದು ನಿಂತರು. ಅದಕ್ಕೂ ಮೊದಲೇ ಅಲ್ಲಿನ ಕೇಂದ್ರ ಮತ್ತು ರಾಜ್ಯಗಳು ಒಂದು ಒಪ್ಪಂದಕ್ಕೆ ಬಂದಿದ್ದವು. 2032ರವರೆಗೆ ನೂರು ಕೋಟಿ ಯೂರೊ ವೆಚ್ಚದಲ್ಲಿ ಸಾವಿರ ಪ್ರಾಧ್ಯಾಪಕ ಹುದ್ದೆಗಳು, ಆರು ವರ್ಷದ ಮೇಲೆ ಪರಿಶೀಲನೆ, ಗೆದ್ದವರಿಗೆ ಕಾಯಂ. ಸಾವಿರ ಆ ದೇಶಕ್ಕೂ ಸಾಲದು. ಆದರೆ ಹುದ್ದೆ ಮೊದಲು, ಫೆಲೋಶಿಪ್ ಆಮೇಲೆ ಎಂಬ ಕ್ರಮವನ್ನು ಅದು ಹಾಕಿಕೊಟ್ಟಿತು.

ನಮ್ಮಲ್ಲಿ ಈ ಕ್ರಮ ಇನ್ನೂ ಮುಖ್ಯ, ಏಕೆಂದರೆ ಉಮಾದೇವಿ ಪ್ರಕರಣವಿದೆ. ಕರ್ನಾಟಕ ಸರ್ಕಾರದ ವಿರುದ್ಧದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಹೇಳಿದ್ದು ಇಷ್ಟು. ಬಹಿರಂಗ ಪ್ರಕಟಣೆ, ಸ್ಪರ್ಧೆ, ಮೀಸಲಾತಿ ಇಲ್ಲದೆ ತಾತ್ಕಾಲಿಕವಾಗಿ ಸೇರಿಕೊಂಡವರನ್ನು ಎಷ್ಟು ವರ್ಷ ದುಡಿದರೆಂಬ ಒಂದೇ ಕಾರಣಕ್ಕೆ ಕಾಯಂ ಮಾಡಲಾಗದು. ಅತಿಥಿ ಉಪನ್ಯಾಸಕರ ಬೇಡಿಕೆ ಪ್ರತಿ ಸಲವೂ ಬಂದು ಬಡಿಯುವುದು ಈ ಗೋಡೆಗೇ. ಹಾಗಿದ್ದ ಮೇಲೆ ಐದು ವರ್ಷ ಕಳೆದು ಕರುಣೆ ತೋರಿಸುವ ಬದಲು ಮೊದಲ ದಿನವೇ ಮಂಜೂರಾದ ಹುದ್ದೆಯ ಎದುರು, ಮೀಸಲಾತಿ ರೋಸ್ಟರ್ ಪ್ರಕಾರ, ಬಹಿರಂಗ ಪ್ರಕಟಣೆ ಕೊಟ್ಟು ಆಯ್ಕೆ ಮಾಡಿದರೆ ಆಯಿತು. ಮೊದಲ ಐದು ವರ್ಷ ಫೆಲೋಶಿಪ್, ಮೂರನೇ ವರ್ಷಕ್ಕೆ ಒಂದು ಪರಿಶೀಲನೆ, ಐದನೇ ವರ್ಷಕ್ಕೆ ಇನ್ನೊಂದು, ಆಮೇಲೆ ಅದೇ ಹುದ್ದೆಗೆ ಸಹಾಯಕ ಪ್ರಾಧ್ಯಾಪಕ. ಕಾಯಂ ಮಾಡಿದರೆ ಜನ ಸೋಮಾರಿಗಳಾಗುತ್ತಾರೆ ಎನ್ನುವವರಿಗೆ ಈ ಎರಡು ಪರಿಶೀಲನೆಗಳೇ ಉತ್ತರ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ಅನ್ವಯ ಎ ಮತ್ತು ಬಿ ವೃಂದದ ಹುದ್ದೆಗಳಲ್ಲಿ ಶೇ 75 ಸ್ಥಳೀಯರಿಗೆ ಮೀಸಲು. ಖಾಲಿ ಹುದ್ದೆಯಲ್ಲಿ ಶೇ 75 ಎಂದರೂ ಸೊನ್ನೆಯೇ. ತುಂಬಿದರೆ ಈ ಭಾಗದ ಪಿಎಚ್‌.ಡಿ. ಪಡೆದವರಿಗೆ ಅದರಷ್ಟು ಬಲವಾದ ಆಸರೆ ಇನ್ನೊಂದಿಲ್ಲ.

ದುಡ್ಡೆಲ್ಲಿದೆ ಎಂದು ಕೇಳುವವರು ಕಿಟಕಿಯಾಚೆ ಬೆಟ್ಟ ನೋಡಲಿ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2014ರಲ್ಲಿ ರಚನೆಯಾದ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಮುಂದೆ 24 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ ಇದೆ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಇದಲ್ಲದೆ 2015ರ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ. ಆರೋಗ್ಯ, ಶಿಕ್ಷಣ, ಪರಿಸರ ಅದರ ಆದ್ಯತೆಯ ಬಾಬ್ತುಗಳಲ್ಲಿವೆ. ಇನ್‌ಸ್ಪೈರ್ ದರದಲ್ಲೇ ಲೆಕ್ಕ ಹಾಕೋಣ. ಒಬ್ಬ ಸಂಶೋಧಕರಿಗೆ ವರ್ಷಕ್ಕೆ ಸಂಬಳ 15 ಲಕ್ಷ, ಅನುದಾನ 7 ಲಕ್ಷ, ಒಟ್ಟು 22 ಲಕ್ಷ. ಐದು ವರ್ಷಕ್ಕೆ 1.10 ಕೋಟಿ. ಇಂಥ ಇಪ್ಪತ್ತು ಮಂದಿಗೆ 22 ಕೋಟಿ. 24 ಸಾವಿರ ಕೋಟಿಯಲ್ಲಿ ಇದು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಆಸ್ಪತ್ರೆ ಕಟ್ಟಡ, ರಸ್ತೆ, ಶಾಲಾ ಕೊಠಡಿಗಳಿಗೆ ಹೋಗುವ ಕೋಟಿಗಳು ಫಲ ಕೊಟ್ಟವೋ ಇಲ್ಲವೋ ಎಂದು ಹತ್ತು ವರ್ಷದ ಮೇಲೆ ಹೇಳಬಲ್ಲವರೂ ಈ ಇಪ್ಪತ್ತು ಜನವೇ.

ದೆಹಲಿಯಿಂದಲೂ ಕೇಳಬೇಕಾದ್ದಿದೆ. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಐದು ವರ್ಷದಲ್ಲಿ 50 ಸಾವಿರ ಕೋಟಿಯ ಗುರಿ ಇಟ್ಟುಕೊಂಡಿದೆ, ರಾಜ್ಯ ವಿಶ್ವವಿದ್ಯಾಲಯಗಳನ್ನು ದೊಡ್ಡ ಸಂಸ್ಥೆಗಳ ಜೊತೆ ಜೋಡಿಸುವ ಯೋಜನೆಯನ್ನೂ ತಂದಿದೆ. ಸಂಶೋಧನೆಗೆ ದೇಶ ಖರ್ಚು ಮಾಡುತ್ತಿರುವುದು ಜಿಡಿಪಿಯ ಶೇ 0.64ರಷ್ಟು. ಅದರಲ್ಲೂ ಪ್ರಾಜೆಕ್ಟಿಗೆ, ಯಂತ್ರಕ್ಕೆ, ಕಟ್ಟಡಕ್ಕೆ ದುಡ್ಡು ಸಿಗುವಷ್ಟು ಸಲೀಸಾಗಿ ಮನುಷ್ಯರಿಗೆ ಸಿಗುವುದಿಲ್ಲ. ನಂದಿಹಳ್ಳಿಯಲ್ಲಿ ಯಂತ್ರ ತಂದಿಟ್ಟು, ಅದನ್ನು ನಡೆಸುವವರ ಒಪ್ಪಂದ ಮಾರ್ಚ್‌ಗೆ ಮುಗಿಯುವುದಾದರೆ ಆ ಯಂತ್ರಕ್ಕೆ ಹೊದಿಕೆ ಹಾಕಿಡಬೇಕಷ್ಟೆ.

ಮೊದಲ ಪ್ರಕಟಣೆಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಾಪಿನಾಯಕನಹಳ್ಳಿಯಿಂದ ತೋರಣಗಲ್ಲಿನವರೆಗಿನ ರಸ್ತೆಬದಿ ಶಾಲೆಗಳ ಮಕ್ಕಳ ಶ್ವಾಸಕೋಶ. ಏತ ನೀರಾವರಿಯ ಕೆರೆಗಳು ಮತ್ತು ಅವುಗಳ ಸುತ್ತಲ ಬೋರ್‌ವೆಲ್‌ಗಳು. ಸಂಡೂರಿನ ಕಾಡಿನಲ್ಲಿ ಗಣಿ ನಿಂತ ಜಾಗದಲ್ಲಿ ಏನು ಚಿಗುರುತ್ತಿದೆ ಎಂಬ ದಾಖಲೆ, ಅದರ ಜೊತೆ ದರೋಜಿಯ ಕರಡಿಗಳ ಓಡಾಟ. ಹಂಪಿಯ ಸುತ್ತಲ ಊರುಗಳಲ್ಲಿ ಉಳಿದಿರುವ ಕಾಲುವೆ ನಿರ್ವಹಣೆಯ ತಿಳಿವಳಿಕೆ, ಅದನ್ನು ಬಲ್ಲ ಎಂಬತ್ತರ ಹಿರಿಯರು ಇರುವಾಗಲೇ. ನಂದಿಹಳ್ಳಿಯಲ್ಲಿ ಎರಡು, ಬಳ್ಳಾರಿಯಲ್ಲಿ ಎರಡು, ಕಮಲಾಪುರದಲ್ಲಿ ಎರಡು ಹುದ್ದೆ ಮೊದಲ ವರ್ಷಕ್ಕೆ ಸಾಕು. ವಯೋಮಿತಿ ಬೇಡ, ಪಿಎಚ್‌.ಡಿ. ಆಗಿ ಹತ್ತು ವರ್ಷ ಮೀರಿರಬಾರದು ಎಂದರೆ ಸಾಕು. ಅತಿಥಿ ಉಪನ್ಯಾಸಕರಾಗಿ ಕಳೆದ ವರ್ಷಗಳನ್ನು ಆ ಹತ್ತರ ಲೆಕ್ಕಕ್ಕೆ ಹಿಡಿಯಬಾರದು. ಫೆಲೋಶಿಪ್ ತಿಂಗಳ ಮೊದಲ ವಾರ ನೇರ ಖಾತೆಗೆ, ಬಳಕೆ ಪ್ರಮಾಣಪತ್ರಕ್ಕೂ ಸಂಬಳಕ್ಕೂ ಗಂಟು ಬೇಡ. ಹೆರಿಗೆ ರಜೆ ಅವಧಿಗೆ ಸೇರಿಸಿ ಕೊಡಬೇಕು. ಹುದ್ದೆಯ ಸಂಖ್ಯೆ, ರೋಸ್ಟರ್ ಬಿಂದು, ಆರನೇ ವರ್ಷದ ವೇತನಶ್ರೇಣಿ ಇವು ಮೂರೂ ಮಂಜೂರಾತಿ ಪತ್ರದ ಮೊದಲ ಪುಟದಲ್ಲೇ ಇರಬೇಕು, ಕುಲಸಚಿವರ ಸಹಿಯೊಂದಿಗೆ. ಖನಿಜ ಪ್ರತಿಷ್ಠಾನದ ಮುಂದಿನ ಸಭೆಯ ಕಾರ್ಯಸೂಚಿಗೆ ಈ ಆರು ಹುದ್ದೆಗಳನ್ನು ಸೇರಿಸುವಂತೆ ಈ ಭಾಗದ ಶಾಸಕರನ್ನು ಕೇಳಲು ಯಾವ ಹೊಸ ಕಾನೂನೂ ಬೇಕಿಲ್ಲ.